ಈಸ್ಟರ್‌ಗೆ ಮುಂಚಿನ ವಾರ ತರಗತಿಯಲ್ಲಿ ಏನೇನು ನಡೆಯುತ್ತೆ? ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೂರನೇ ತರಗತಿಯ ಟೀಚರ್. ಈಸ್ಟರ್ ರಜೆಗೆ ಮುಂಚಿನ ವಾರ ಬಂತೆಂದರೆ ಗೇಟಿನ ಹತ್ತಿರ, ಫೋನಿನಲ್ಲಿ, ಡೈರಿಯ ಮೂಲೆಯಲ್ಲಿ ಅವೇ ಪ್ರಶ್ನೆಗಳು. ಅವಸರದಲ್ಲಿ ನಿಂತವರಿಗೆ ಅರ್ಧ ಉತ್ತರ ಹೇಳಿ ಕಳಿಸಿ, ಅವರು ಹೋದ ಮೇಲೆ ಉಳಿದರ್ಧ ನೆನಪಾಗಿ ಪೇಚಾಡಿದ್ದೇ ಹೆಚ್ಚು. ಹಾಗಾಗಿ ಈ ಸಲ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಕೆಲವು ಪ್ರಶ್ನೆ ನಿಮ್ಮವು, ಕೆಲವು ಮಕ್ಕಳವು. ಕಷ್ಟದವೆಲ್ಲ ಮಕ್ಕಳವೇ.

ಈ ವಾರ ಪಾಠ ಇರುತ್ತಾ, ಇಲ್ಲಾ ಬರೀ ಕತ್ತರಿ, ಗಮ್ಮಿನ ಕೆಲಸವಾ?

ಪಾಠ ಇರುತ್ತದೆ. ಶುಕ್ರವಾರ ಗುಡ್ ಫ್ರೈಡೆ ರಜೆ, ಸಿಗುವುದು ನಾಲ್ಕೇ ದಿನ. ನಾಲ್ಕು ದಿನಕ್ಕೆ ಹತ್ತು ವಿಷಯ ಹಿಡಿದರೆ ಒಂದೂ ತಲೆಗೆ ಹತ್ತುವುದಿಲ್ಲ, ಮಕ್ಕಳ ಮನಸ್ಸು ಆಗಲೇ ರಜೆಗೆ ಹೊರಟು ನಿಂತಿರುತ್ತದೆ. ಅದಕ್ಕೇ ಒಂದು ಮೊಟ್ಟೆ ಹಿಡಿದುಕೊಂಡು ವಾರ ಪೂರ್ತಿ ಕಳೆಯುತ್ತೇವೆ. ವಿಜ್ಞಾನದಲ್ಲಿ ಅದರ ಚಿಪ್ಪು ಕರಗಿಸುತ್ತೇವೆ, ಗಣಿತದಲ್ಲಿ ಅದರ ಡಬ್ಬವನ್ನು ಭಾಗ ಮಾಡುತ್ತೇವೆ, ಭಾಷೆಯ ಪೀರಿಯಡ್ಡಿನಲ್ಲಿ ಪ್ರಯೋಗ ಮಾಡಿದ ಬಗೆಯನ್ನು ಹಂತ ಹಂತವಾಗಿ ಬರೆಯುತ್ತೇವೆ. ಮೊಟ್ಟೆ ಈಸ್ಟರ್ ಹಬ್ಬಕ್ಕೆ ಬಂದು ಸೇರಿಕೊಂಡಿದ್ದಾದರೂ ಹೇಗೆ ಅಂತ ಹುಡುಕುತ್ತೇವೆ. ಬಣ್ಣ ಬಳಿಯುವುದಕ್ಕೆ ಗುರುವಾರ ಮಧ್ಯಾಹ್ನ ಒಂದೂವರೆ ಗಂಟೆ ಹೊತ್ತು, ಅಷ್ಟೇ.

ನನ್ನ ಮಗ "ಮೊಟ್ಟೆ ಬಟ್ಟೆ ಬಿಚ್ಚಿತು" ಅಂತ ಹೇಳಿಕೊಂಡು ನಗುತ್ತಿದ್ದಾನೆ. ಏನದು?

ಮಕ್ಕಳು ತಾವೇ ಇಟ್ಟ ಹೆಸರು. ಸೋಮವಾರ ಬೆಳಿಗ್ಗೆ ಗಾಜಿನ ಲೋಟದಲ್ಲಿ ಹಸಿ ಮೊಟ್ಟೆ ಇಟ್ಟು, ಮುಳುಗುವಷ್ಟು ಬಿಳಿ ವಿನಿಗರ್ ಸುರಿಯುತ್ತೇವೆ. ಅರ್ಧ ನಿಮಿಷದಲ್ಲಿ ಚಿಪ್ಪಿನ ಮೈತುಂಬ ಸಣ್ಣ ಸಣ್ಣ ಗುಳ್ಳೆ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದಕಲ್ಲಿನಲ್ಲಿ ಇರುವುದೂ ಅದೇ. ವಿನಿಗರ್‌ನ ಅಸಿಟಿಕ್ ಆಮ್ಲ ಅದನ್ನು ಕರಗಿಸುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸೋಡಾ ಬಾಟಲಿಯಲ್ಲಿ ಏಳುವ ಗುಳ್ಳೆಯೂ ಅದೇ ಅನಿಲ.

ಮಂಗಳವಾರ ಬೆಳಿಗ್ಗೆ ಮೇಲೆ ಕೊಳಕು ನೊರೆ ಕಟ್ಟಿರುತ್ತದೆ. ಹಳೇ ವಿನಿಗರ್ ಚೆಲ್ಲಿ ಹೊಸದು ಹಾಕುತ್ತೇವೆ. ಬುಧವಾರದ ಹೊತ್ತಿಗೆ ಚಿಪ್ಪು ಪೂರಾ ಹೋಗಿ, ತೆಳು ಪೊರೆಯೊಂದೇ ಉಳಿದಿರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ಹಳದಿ ಭಾಗ ತೇಲಾಡುವುದು ಕಾಣುತ್ತದೆ. ಮುಟ್ಟಿದರೆ ನೀರು ತುಂಬಿದ ಬಲೂನಿನ ಹಾಗೆ. ಕಳೆದ ವರ್ಷ ಒಬ್ಬಳು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದಳು. ಪಕ್ಕದವನು "ನನಗೂ ಕೊಡು" ಅಂತ ಉಗುರು ತಾಗಿಸಿದ. ಅವಳ ಯೂನಿಫಾರಂ ಕಥೆ ನಿಮಗೆ ಬಿಟ್ಟಿದ್ದು.

ಪ್ರಯೋಗ ಅಲ್ಲಿಗೇ ನಿಲ್ಲುವುದಿಲ್ಲ. ಚಿಪ್ಪಿಲ್ಲದ ಎರಡು ಮೊಟ್ಟೆಗೆ ದಾರ ಸುತ್ತಿ, ದಾರವನ್ನು ಸ್ಕೇಲಿನ ಮೇಲಿಟ್ಟು ಸುತ್ತಳತೆ ಬರೆದುಕೊಳ್ಳುತ್ತಾರೆ. ಆಮೇಲೆ ಒಂದನ್ನು ನೀರಿಗೆ, ಇನ್ನೊಂದನ್ನು ಗಟ್ಟಿ ಸಕ್ಕರೆ ಪಾಕಕ್ಕೆ ಹಾಕುತ್ತೇವೆ. ಮರುದಿನ ನೀರಿನದು ಊದಿರುತ್ತದೆ, ಪಾಕದ್ದು ಸೊರಗಿ ಸುಕ್ಕುಗಟ್ಟಿರುತ್ತದೆ. ಪೊರೆಯ ಮೂಲಕ ನೀರು ಒಳಗೂ ಹೊರಗೂ ಹಾದುಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೀಗೆ ನೀರು ಹಾದುಹೋಗುವುದಕ್ಕಿರುವ ಅಭಿಸರಣೆ ಎಂಬ ಪದವನ್ನು ಈಗಲೇ ಬಾಯಿಪಾಠ ಮಾಡಿಸುವುದಿಲ್ಲ. ಮುಂದೆ ಹೈಸ್ಕೂಲಿನಲ್ಲಿ ಆ ಪದ ಬಂದಾಗ "ಓ, ಆ ಮೊಟ್ಟೆ" ಅಂತ ನೆನಪಾದರೆ ಸಾಕು.

ಮನೆಯಲ್ಲಿ ಮಾಡಬಹುದಾ?

ಧಾರಾಳವಾಗಿ. ಲೋಟವನ್ನು ಬಟ್ಟೆಯಿಂದಲೋ ತಟ್ಟೆಯಿಂದಲೋ ಸುಮ್ಮನೆ ಮುಚ್ಚಿ, ಮುಚ್ಚಳ ಬಿಗಿಯಬೇಡಿ. ನಾನೊಂದು ವರ್ಷ ಜಾಣತನ ಮಾಡಿ, ವಾಸನೆ ಬರದಿರಲಿ ಅಂತ ಜಾಡಿಯ ಮುಚ್ಚಳ ತಿರುಗಿಸಿ ಹೋಗಿದ್ದೆ. ಒಳಗೆ ಅನಿಲ ತುಂಬಿ, ಬೆಳಿಗ್ಗೆ ನೋಡಿದರೆ ಮುಚ್ಚಳ ಕಪಾಟಿನ ಕೆಳಗೆ, ವಿನಿಗರ್ ನೋಟ್‌ಬುಕ್ಕುಗಳ ಮೇಲೆ. ಆ ತಿಂಗಳು ತಿದ್ದಿದ ಕಾಪಿಗಳೆಲ್ಲ ಉಪ್ಪಿನಕಾಯಿ ವಾಸನೆ. ಹಸಿ ಮೊಟ್ಟೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಪ್ರಯೋಗಕ್ಕೆ ಬಳಸಿದ್ದನ್ನು ತಿನ್ನಬಾರದು.

ಇನ್ನೂ ಸುಲಭದ್ದು ಬೇಕೆಂದರೆ ಒಂದು ಬೆಂದ, ಒಂದು ಹಸಿ ಮೊಟ್ಟೆಯನ್ನು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ. ಬೆಂದದ್ದು ನೀಟಾಗಿ ಸುತ್ತುತ್ತದೆ, ಹಸಿಯದು ತೂರಾಡುತ್ತದೆ. ತಿರುಗುವಾಗಲೇ ಬೆರಳಿಟ್ಟು ಕ್ಷಣ ನಿಲ್ಲಿಸಿ ಬಿಟ್ಟರೆ ಹಸಿ ಮೊಟ್ಟೆ ಮತ್ತೆ ತಾನೇ ತಿರುಗತೊಡಗುತ್ತದೆ. ಚಿಪ್ಪು ನಿಂತರೂ ಒಳಗಿನ ದ್ರವ ಸುತ್ತುತ್ತಲೇ ಇರುತ್ತದಲ್ಲ, ಅದಕ್ಕೆ. ಇದನ್ನು ದೊಡ್ಡವರೂ ನಂಬದೆ ಮೂರು ಮೂರು ಸಲ ಮಾಡಿ ನೋಡುತ್ತಾರೆ.

ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತೆ. ಈಸ್ಟರ್ ಯಾಕೆ ಓಡಾಡುತ್ತೆ?

ಚಂದ್ರನ ಲೆಕ್ಕ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಎಲ್ಲ ಕಡೆ ಒಂದೇ ಭಾನುವಾರ ಆಚರಿಸಬೇಕು ಎಂಬ ತೀರ್ಮಾನ ಕ್ರಿ.ಶ. 325ರಲ್ಲಿ ಕ್ರೈಸ್ತ ಧರ್ಮಾಧ್ಯಕ್ಷರು ಸೇರಿದ್ದ ನೈಸಿಯಾ ಸಭೆಯದು. ಈ ನಿಯಮದ ಪ್ರಕಾರ ಹಬ್ಬ ಮಾರ್ಚ್ 22ಕ್ಕಿಂತ ಮುಂಚೆ ಬರುವಂತಿಲ್ಲ, ಏಪ್ರಿಲ್ 25 ದಾಟುವಂತಿಲ್ಲ. ಅಂದರೆ ಎಷ್ಟು ಬೇರೆ ಬೇರೆ ದಿನಾಂಕ ಸಾಧ್ಯ? ಮಂಗಳವಾರದ ಗಣಿತದ ಮೊದಲ ಪ್ರಶ್ನೆ ಇದೇ. ಮಾರ್ಚ್‌ನಲ್ಲಿ 10, ಏಪ್ರಿಲ್‌ನಲ್ಲಿ 25, ಒಟ್ಟು 35. ಮಾರ್ಚ್ 22ನ್ನು ಎಣಿಸುವುದು ಮರೆತು 34 ಅನ್ನುವವರು ಪ್ರತಿ ವರ್ಷ ಅರ್ಧ ತರಗತಿ.

2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಈ ನಾಲ್ಕನ್ನೂ ಬೋರ್ಡಿನ ಮೇಲೆ ಬರೆದು, ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಹುಡುಕಿ ತಾಳೆ ನೋಡಲು ಮಕ್ಕಳಿಗೇ ಬಿಡುತ್ತೇನೆ. 2026ರ ಹುಣ್ಣಿಮೆ ಏಪ್ರಿಲ್ 2, ಗುರುವಾರ. ಅದರ ಮುಂದಿನ ಭಾನುವಾರ 5. ಸರಿಹೋಯಿತು.

ಚುರುಕಿನ ಮಕ್ಕಳಿಗೆ ಒಂದು ತೊಡಕು ಇಟ್ಟುಕೊಂಡಿರುತ್ತೇನೆ. 2019ರಲ್ಲಿ ಆಕಾಶದಲ್ಲಿ ಹುಣ್ಣಿಮೆ ಆಗಿದ್ದು ಮಾರ್ಚ್ 21ಕ್ಕೇ, ಆದರೂ ಈಸ್ಟರ್ ಬಂದಿದ್ದು ಏಪ್ರಿಲ್ 21ಕ್ಕೆ. ಯಾಕೆಂದರೆ ಚರ್ಚ್ ನೋಡುವುದು ಆಕಾಶವನ್ನಲ್ಲ, ಹಳೆಯ ಕೋಷ್ಟಕವನ್ನು. ಕೋಷ್ಟಕದಲ್ಲಿ ಆ ಹುಣ್ಣಿಮೆ 20ಕ್ಕೇ ಆಗಿಹೋಗಿತ್ತು. ಒಂದೇ ದಿನದ ಅಂತರದಿಂದ ಹಬ್ಬ ನಾಲ್ಕು ವಾರ ಮುಂದೆ ಹೋಯಿತು. ಗ್ರೀಸ್, ರಷ್ಯಾ ಕಡೆಯ ಆರ್ಥೊಡಾಕ್ಸ್ ಚರ್ಚುಗಳದ್ದು ಜೂಲಿಯನ್ ಎಂಬ ಹಳೆಯ ಕ್ಯಾಲೆಂಡರಿನ ಲೆಕ್ಕ, ಅವರ ಹಬ್ಬ ಸಾಮಾನ್ಯವಾಗಿ ತಡ. 2025ರಲ್ಲಿ ಎರಡೂ ಒಂದೇ ದಿನ ಕೂಡಿಬಂದಿದ್ದವು.

ನಾವು ಕ್ರೈಸ್ತರಲ್ಲ. ಮಗುವಿಗೆ ಧರ್ಮ ಬೋಧನೆ ಮಾಡುತ್ತೀರಾ?

ಇಲ್ಲ. "ಕ್ರೈಸ್ತರು ಹೀಗೆ ನಂಬುತ್ತಾರೆ" ಅಂತ ಹೇಳುತ್ತೇನೆಯೇ ಹೊರತು "ಹೀಗೆ ನಂಬಬೇಕು" ಅಂತಲ್ಲ. ಪಕ್ಕದ ಬೆಂಚಿನವಳು ಭಾನುವಾರ ಯಾಕೆ ಹೊಸ ಬಟ್ಟೆ ಹಾಕಿಕೊಳ್ಳುತ್ತಾಳೆ ಅನ್ನುವುದು ಮಗುವಿಗೆ ಗೊತ್ತಿರಬೇಕು. ಹಾಗೆಯೇ ಹಬ್ಬ ಆಚರಿಸುವ ಮನೆಯ ಮಗುವಿಗೆ ತನ್ನ ಹಬ್ಬವೆಂದರೆ ಬರೀ ಮೊಲ, ಚಾಕೊಲೇಟು ಅಂತ ಅನ್ನಿಸಬಾರದು. ಎರಡನೆಯದು ನನಗೆ ಮೊದಲನೆಯದಕ್ಕಿಂತ ಮುಖ್ಯ.

ಶಿಲುಬೆಯ ಕಥೆಯನ್ನು ಎಂಟು ವರ್ಷದ ಮಕ್ಕಳಿಗೆ ಹೇಗೆ ಹೇಳುತ್ತೀರಿ?

ನೇರವಾಗಿ, ಆದರೆ ಗಾಯ, ರಕ್ತದ ವಿವರ ಇಲ್ಲದೆ. ವಾರದ ದಿನಗಳ ಕ್ರಮದಲ್ಲೇ ಹೇಳುತ್ತೇನೆ. ಗರಿಗಳ ಭಾನುವಾರ ಯೇಸು ಕತ್ತೆಯ ಮೇಲೆ ಕೂತು ಜೆರುಸಲೇಮಿಗೆ ಬಂದದ್ದು, ಜನ ಗರಿ ಹಿಡಿದು ಎದುರುಗೊಂಡದ್ದು. ಗುರುವಾರ ಶಿಷ್ಯರ ಜೊತೆ ಕೊನೆಯ ಊಟ, ಗುರುವೇ ಶಿಷ್ಯರ ಕಾಲು ತೊಳೆದದ್ದು. ಶುಕ್ರವಾರ ಶಿಲುಬೆಯ ಮೇಲೆ ಸಾವು. ಭಾನುವಾರ ನಸುಕಿನಲ್ಲಿ ಸಮಾಧಿಯ ಬಾಯಿಗಿಟ್ಟಿದ್ದ ಕಲ್ಲು ಸರಿದಿದ್ದು, ಒಳಗೆ ಯಾರೂ ಇಲ್ಲದ್ದು. ಯೇಸು ಮತ್ತೆ ಜೀವಂತವಾಗಿ ಎದ್ದ ಎಂದು ಕ್ರೈಸ್ತರು ನಂಬುವ ಆ ದಿನವೇ ಈಸ್ಟರ್. ಖಾಲಿ ಸಮಾಧಿ, ಅದನ್ನು ಮೊದಲು ಕಂಡವರಲ್ಲಿ ಮಗ್ದಲದ ಮರಿಯ ಇದ್ದಳು. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕೂ ಶುಭಸಂದೇಶಗಳು ಇದನ್ನು ಹೇಳುತ್ತವೆ. ಆಮೇಲೆ ಎಂಟು ಚಿತ್ರದ ಚೀಟಿಗಳನ್ನು ಕಲಸಿ ಕೊಡುತ್ತೇನೆ. ಜೋಡಿಯಾಗಿ ಕೂತು ಕ್ರಮಕ್ಕೆ ಜೋಡಿಸಿ, ಒಂದೊಂದಕ್ಕೆ ಎರಡೆರಡು ವಾಕ್ಯ ಬರೆಯುತ್ತಾರೆ.

ಮಕ್ಕಳು ಹೆಚ್ಚು ಹೊತ್ತು ಮಾತಾಡುವುದು ಕಾಲು ತೊಳೆದದ್ದರ ಬಗ್ಗೆ. "ಟೀಚರ್, ನೀವು ನಮ್ಮ ಕಾಲು ತೊಳೀತೀರಾ?" ಅಂತ ಒಬ್ಬ ಕೇಳಿದ. ಆಟದ ಪೀರಿಯಡ್ ಆಗಷ್ಟೇ ಮುಗಿದಿತ್ತು. ಅವನ ಕಾಲ್ಚೀಲ ನೋಡಿ ನಾನು ಮಾತು ಬದಲಿಸಿದೆ.

"ಸತ್ತ ದಿನವನ್ನು ಗುಡ್ ಅಂತ ಯಾಕೆ ಕರೀತಾರೆ?"

ಇದು ಪ್ರತಿ ವರ್ಷ ಬರುವ ಮಕ್ಕಳ ಪ್ರಶ್ನೆ, ಮನೆಯಲ್ಲೂ ಬರುತ್ತದೆ, ತಯಾರಾಗಿರಿ. ಹಳೆಯ ಇಂಗ್ಲಿಷಿನಲ್ಲಿ ಗುಡ್ ಎಂಬುದಕ್ಕೆ ಪವಿತ್ರ ಎಂಬ ಅರ್ಥವೂ ಇತ್ತು. ಜರ್ಮನ್ನರು ಅದೇ ದಿನವನ್ನು ದುಃಖದ ಶುಕ್ರವಾರ ಎಂಬ ಅರ್ಥದಲ್ಲಿ ಕರೆಯುತ್ತಾರೆ.

ಇದರ ಜೊತೆ ಬರುವ ಇನ್ನೊಂದು: "ಶುಕ್ರವಾರದಿಂದ ಭಾನುವಾರಕ್ಕೆ ಎರಡೇ ದಿನ, ಯೇಸು ಮೂರನೇ ದಿನ ಎದ್ದ ಅಂತ ಯಾಕೆ ಹೇಳ್ತಾರೆ?" ಆ ಕಾಲದವರು ಶುರುವಿನ ದಿನವನ್ನೂ ಸೇರಿಸಿ ಎಣಿಸುತ್ತಿದ್ದರು. ಶುಕ್ರವಾರ ಒಂದು, ಶನಿವಾರ ಎರಡು, ಭಾನುವಾರ ಮೂರು.

ಮೊಟ್ಟೆಗೂ ಮೊಲಕ್ಕೂ ಹಬ್ಬಕ್ಕೂ ಏನು ಸಂಬಂಧ? ಮೊಲ ಮೊಟ್ಟೆ ಇಡಲ್ಲ ಅಂತ ಮಗಳು ವಾದ ಮಾಡುತ್ತಿದ್ದಾಳೆ.

ಅವಳ ವಾದ ಸರಿ, ಬೆನ್ನು ತಟ್ಟಿ.

ಮೊಟ್ಟೆಯ ಕಾರಣ ಅಡುಗೆಮನೆಯದು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಮಧ್ಯಯುಗದ ಯುರೋಪಿನ ಕ್ರೈಸ್ತರು ಮಾಂಸದ ಜೊತೆ ಮೊಟ್ಟೆಯನ್ನೂ ಬಿಡುತ್ತಿದ್ದರು. ಉಪವಾಸ ಜನರಿಗೆ, ಕೋಳಿಗಲ್ಲವಲ್ಲ! ಅದು ಇಡುತ್ತಲೇ ಹೋಯಿತು. ಹಬ್ಬದ ಹೊತ್ತಿಗೆ ಮನೆತುಂಬ ಮೊಟ್ಟೆ. ಉಪವಾಸ ಮುರಿಯಲು, ಬಣ್ಣ ಹಚ್ಚಿ ಹಂಚಲು ಅದೇ ಬಂತು. ಒಡೆದು ಜೀವ ಹೊರಬರುವ ಮೊಟ್ಟೆಯಲ್ಲಿ ತೆರೆದ ಸಮಾಧಿಯನ್ನು ಕಾಣುವ ಅರ್ಥವೂ ಸೇರಿಕೊಂಡಿತು.

ಮೊಲದ ಕಥೆ ಜರ್ಮನ್ ನಾಡಿನದು. ಕಾಡುಮೊಲ ಮೊಟ್ಟೆ ತಂದು ಹುಲ್ಲಿನಲ್ಲಿ ಬಚ್ಚಿಡುತ್ತದೆ ಎಂಬ ನಂಬಿಕೆ 1682ರ ಒಂದು ಬರಹದಲ್ಲೇ ಸಿಗುತ್ತದೆ. ಅಲ್ಲಿಂದ ವಲಸೆ ಹೋದವರು ಅದನ್ನು ಅಮೆರಿಕಕ್ಕೆ ಒಯ್ದರು. ಬ್ರಿಟನ್ನಿನ ಮೊದಲ ಚಾಕೊಲೇಟ್ ಮೊಟ್ಟೆ 1873ರದು, ಬ್ರಿಸ್ಟಲಿನ ಫ್ರೈ ಕಂಪನಿ ಮಾಡಿದ್ದು.

ಅಂತರ್ಜಾಲದಲ್ಲಿ, ಈಸ್ಟರ್ ಎಂಬ ಹೆಸರಿಗೆ ಮೂಲವೆನ್ನುವ ಈಯೋಸ್ತ್ರೆ ಎಂಬ ದೇವತೆಯ ಮೊಲ, ಮೊಟ್ಟೆಗಳ ಕಥೆ ಓದಿ ಕೆಲವರು ಕಳಿಸುತ್ತೀರಿ. ಆ ದೇವತೆಯ ಹೆಸರು ಸಿಗುವುದು ಎಂಟನೇ ಶತಮಾನದ ಇಂಗ್ಲೆಂಡಿನ ಸನ್ಯಾಸಿ ಬೀಡ್ ಬರೆದ ಒಂದೆರಡು ಸಾಲಿನಲ್ಲಿ. ಆ ಸಾಲುಗಳಲ್ಲಿ ಮೊಲವೂ ಇಲ್ಲ, ಮೊಟ್ಟೆಯೂ ಇಲ್ಲ. ಹಾಗಾಗಿ ಅದನ್ನು ನಾನು ಪಾಠದಲ್ಲಿ ಸೇರಿಸುವುದಿಲ್ಲ.

ಗಣಿತದಲ್ಲಿ ಏನು?

ಮುಖ್ಯವಾಗಿ ಭಿನ್ನರಾಶಿ. ಹನ್ನೆರಡು ಮೊಟ್ಟೆಯ ಖಾಲಿ ಡಬ್ಬ ಭಿನ್ನರಾಶಿಗೆಂದೇ ಹುಟ್ಟಿದ ಹಾಗಿದೆ. ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು, ಎಲ್ಲವೂ ಗುಳಿ ಎಣಿಸಿದರೆ ಸಿಗುತ್ತವೆ. ಐದನೇ ಒಂದು ಕೇಳಿದಾಗ ಪೆಚ್ಚಾಗುತ್ತಾರೆ. ಆ ಪೆಚ್ಚಾಗುವ ಕ್ಷಣಕ್ಕಾಗಿಯೇ ಕೇಳುವುದು.

ಬುಧವಾರ ತಪಸ್ಸುಕಾಲದ ಲೆಕ್ಕ. ಅದು ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಕ್ಯಾಲೆಂಡರ್ ಎಣಿಸಿದರೆ 46 ದಿನ, ಆದರೆ ಎಲ್ಲರೂ ನಲವತ್ತು ದಿನ ಅನ್ನುತ್ತಾರೆ. ಉಳಿದ ಆರು ಎಲ್ಲಿ ಹೋದವು? ಆರು ಭಾನುವಾರ, ಅವು ಉಪವಾಸದ ಲೆಕ್ಕಕ್ಕಿಲ್ಲ. ಸಮಮಿತಿಯೂ ಇದೆ: ಮಡಚಿದ ಕಾಗದದ ಮೊಟ್ಟೆಯ ಒಂದು ಬದಿಗೆ ಗೆರೆ ಎಳೆದು ಕೊಟ್ಟರೆ ಇನ್ನೊಂದು ಬದಿಯನ್ನು ಪಕ್ಕದವರು ಮುಗಿಸಬೇಕು. ಜಗಳ ಖಾತರಿ.

ಗುರುವಾರದ ಟೋಪಿ ಮೆರವಣಿಗೆಗೆ ನಾವು ಏನೇನು ತರಬೇಕು?

ಏನೂ ಕೊಳ್ಳಬೇಡಿ. ಖಾಲಿ ರಟ್ಟಿನ ಡಬ್ಬ, ಹಳೇ ಪತ್ರಿಕೆ, ಉಳಿದ ಉಲ್ಲನ್ ದಾರ, ಒಣಗಿದ ಎಲೆ, ಇವಿಷ್ಟು ಸಾಕು. ಟೋಪಿ ಮಾಡುವುದು ಶಾಲೆಯಲ್ಲೇ.

ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮುಂಚೆ ಟೋಪಿಯನ್ನು ಮನೆಯಿಂದ ಮಾಡಿಸಿಕೊಂಡು ಬನ್ನಿ ಅನ್ನುತ್ತಿದ್ದೆವು. ಬರುತ್ತಿದ್ದುದು ಅಪ್ಪ ಅಮ್ಮಂದಿರ ಟೋಪಿಗಳು. ಒಂದರಲ್ಲಂತೂ ಬ್ಯಾಟರಿ ಹಾಕಿದ ದೀಪಗಳಿದ್ದವು. ತಾನೇ ಮಾಡಿದ ಡೊಂಕು ಟೋಪಿ ಹಾಕಿಕೊಂಡ ಹುಡುಗ ಮೆರವಣಿಗೆ ಶುರುವಾಗುವ ಹೊತ್ತಿಗೆ ಅದನ್ನು ಬ್ಯಾಗಿಗೆ ತುರುಕಿಬಿಟ್ಟ. ಆ ವರ್ಷಕ್ಕೇ ಅದನ್ನು ನಿಲ್ಲಿಸಿದೆವು, ಬಹುಮಾನವನ್ನೂ ತೆಗೆದೆವು. ಈಗ ಟೋಪಿಯ ಮೇಲಿನ ಮರಿಕೋಳಿಗೆ ಮೂರು ಕಾಲು ಬಂದರೆ ಮೂರೇ ಇರಲಿ. ಮನೆಗೆ ತಂದಾಗ ದಯವಿಟ್ಟು ನೀವೂ ತಿದ್ದಬೇಡಿ.

ಮೊಟ್ಟೆಯ ಬಣ್ಣಕ್ಕೂ ಅಂಗಡಿ ಪುಡಿ ಬೇಡ. ಈರುಳ್ಳಿಯ ಹೊರಸಿಪ್ಪೆ ಕುದಿಸಿದರೆ ಇಟ್ಟಿಗೆ ಕೆಂಪು, ಅರಿಶಿನಕ್ಕೆ ಹಳದಿ, ಬೀಟ್‌ರೂಟಿಗೆ ಗುಲಾಬಿ. ನೇರಳೆ ಎಲೆಕೋಸಿನ ನೀರಿಗೆ ವಿನಿಗರ್ ಬೆರೆಸಿ ಬಿಳಿ ಮೊಟ್ಟೆಯನ್ನು ರಾತ್ರಿಯಿಡೀ ಬಿಟ್ಟರೆ ನೀಲಿ. ಕೆನ್ನೇರಳೆ ನೀರಿನಿಂದ ನೀಲಿ ಮೊಟ್ಟೆ ಮೇಲೆ ಬಂದಾಗ ಇಡೀ ತರಗತಿ ಒಂದು ಕ್ಷಣ ಮೌನ. ಇಷ್ಟು ಅಪರೂಪದ ಸಂಗತಿ ವರ್ಷದಲ್ಲಿ ಬೇರೆ ಯಾವ ದಿನವೂ ಆಗುವುದಿಲ್ಲ.

ಮಗುವಿಗೆ ಮೊಟ್ಟೆ ಅಲರ್ಜಿ ಇದೆ. ನಮ್ಮ ಮನೆಯಲ್ಲಿ ಮೊಟ್ಟೆ ಮುಟ್ಟುವುದೂ ಇಲ್ಲ. ಏನು ಮಾಡುವುದು?

ಮೊದಲೇ ತಿಳಿಸಿ, ಅಷ್ಟೇ. ಅಲರ್ಜಿ ಇರುವ ಮಗು ತರಗತಿಯಲ್ಲಿದ್ದರೆ ಹಸಿ ಮೊಟ್ಟೆಯ ಪ್ರಯೋಗವನ್ನು ನಾನೊಬ್ಬಳೇ ಕೈಗವಸು ಹಾಕಿ ಮಾಡುತ್ತೇನೆ, ಮಕ್ಕಳು ದೂರದಿಂದ ನೋಡಿ ಬರೆಯುತ್ತಾರೆ. ಬಣ್ಣಕ್ಕೆ ಮರದ ಮೊಟ್ಟೆ ಅಥವಾ ನುಣುಪಾದ ಕಲ್ಲು. ಮನೆಯ ಪದ್ಧತಿಯ ಕಾರಣಕ್ಕೆ ಬೇಡವೆನ್ನುವ ಮಕ್ಕಳಿಗೂ ಇದೇ ಏರ್ಪಾಡು. ಆ ಮಗು ಒಂಟಿಯಾಗಿ ಕೂರಬಾರದು ಅಂತ ಪ್ರತಿ ಗುಂಪಿನಲ್ಲೂ ಇಬ್ಬರಾದರೂ ಕಲ್ಲಿಗೇ ಬಣ್ಣ ಹಚ್ಚುತ್ತಾರೆ. ನಿಜ ಹೇಳಬೇಕೆಂದರೆ ಕಲ್ಲಿಗೇ ಜಾಸ್ತಿ ಬೇಡಿಕೆ, ಒಡೆಯುವುದಿಲ್ಲವಲ್ಲ.

ಕೋಳಿಮರಿ ಮಾಡಿಸಬಹುದಲ್ಲ ತರಗತಿಯಲ್ಲೇ? ಬೇರೆ ಶಾಲೆಯಲ್ಲಿ ಮಾಡುತ್ತಾರೆ.

ನಾನು ಒಪ್ಪುವುದಿಲ್ಲ. ಕೋಳಿಮೊಟ್ಟೆ ಮರಿಯಾಗಲು 21 ದಿನ ಕಾವು ಬೇಕು, ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದೇ ಸಮ ಇರಬೇಕು. ಕೊನೆಯ ಮೂರು ದಿನ ಬಿಟ್ಟು ಉಳಿದಷ್ಟೂ ದಿನ, ದಿನಕ್ಕೆ ಹಲವು ಸಲ ಮೊಟ್ಟೆ ಹೊರಳಿಸಬೇಕು. ಶನಿವಾರ, ಭಾನುವಾರ ಯಾರು ಬರುತ್ತಾರೆ? ಮರಿಯಾದ ಮೇಲೆ ರಜೆ ಶುರು, ಆ ಮರಿಗಳ ಗತಿ? ಮಕ್ಕಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ, ಒಳ್ಳೆಯ ಉತ್ತರ ನನ್ನ ಹತ್ತಿರ ಇರುವುದಿಲ್ಲ. 21 ದಿನದ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದೇವೆ, ಸಾಕು.

ಬೇರೆ ದೇಶದವರ ಈಸ್ಟರ್ ಬಗ್ಗೆ ಮಗ ಏನೇನೋ ಹೇಳುತ್ತಾನೆ. ಗಂಟೆಗಳು ಹಾರಿಹೋಗುತ್ತವಂತೆ?

ಫ್ರಾನ್ಸಿನಲ್ಲಿ ಹಾಗೆ ಹೇಳುತ್ತಾರೆ. ಗುರುವಾರದಿಂದ ಚರ್ಚಿನ ಗಂಟೆ ಮೌನ. ಗಂಟೆಗಳು ರೋಮಿಗೆ ಹಾರಿಹೋಗಿವೆ, ಭಾನುವಾರ ಚಾಕೊಲೇಟು ಉದುರಿಸುತ್ತ ವಾಪಸು ಬರುತ್ತವೆ ಎಂದು ಮಕ್ಕಳಿಗೆ ನಂಬಿಸುತ್ತಾರೆ. ಗ್ರೀಸಿನಲ್ಲಿ ಕೆಂಪು ಮೊಟ್ಟೆಗಳನ್ನು ಒಂದಕ್ಕೊಂದು ಕುಟ್ಟುವ ಪಂದ್ಯ. ಸ್ವೀಡನ್ನಿನ ಮಕ್ಕಳು ಮಾಟಗಾತಿಯ ವೇಷ ಹಾಕಿ ಮನೆಮನೆಗೆ ಹೋಗುತ್ತಾರೆ. ಆಸ್ಟ್ರೇಲಿಯಾದಲ್ಲಿ ಮೊಲ ಬೆಳೆ ಹಾಳು ಮಾಡುವ ಪಿಡುಗು, ಹಾಗಾಗಿ ಅದರ ಬದಲು ಬಿಲ್ಬಿ ಎಂಬ ಉದ್ದಕಿವಿಯ ಪುಟ್ಟ ಪ್ರಾಣಿಯ ಚಾಕೊಲೇಟ್ ಮಾಡುತ್ತಾರೆ. ಅಲ್ಲಿ ಈಸ್ಟರ್ ವಸಂತದಲ್ಲಲ್ಲ, ಶರತ್ಕಾಲದಲ್ಲಿ ಬರುತ್ತದೆ. ಗ್ಲೋಬು ತಿರುಗಿಸಿ ಇದನ್ನು ತೋರಿಸಿದಾಗ, ಬಿದ್ದೆಲೆಗಳ ನಡುವೆ ಮೊಟ್ಟೆ ಹುಡುಕುವ ಚಿತ್ರ ಬರೆದವರು ನಾಲ್ಕು ಜನ. ಉಕ್ರೇನಿನವರು ಮೇಣದಲ್ಲಿ ಗೆರೆ ಎಳೆದು, ಬಣ್ಣದಲ್ಲಿ ಅದ್ದಿ ಮಾಡುವ ಪಿಸಂಕಾ ಮೊಟ್ಟೆಯ ಕಲೆ 2024ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿ ಸೇರಿತು. ನಾವು ಬಿಳಿ ಕ್ರೇಯಾನ್ ಹಚ್ಚಿ, ಮೇಲೆ ನೀರುಬಣ್ಣ ಬಳಿದು ಅದರ ಬಡ ತಮ್ಮನನ್ನು ಮಾಡುತ್ತೇವೆ.

ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪವನ್ನೂ ಮಕ್ಕಳು ಭೂಪಟದಲ್ಲಿ ಹುಡುಕುತ್ತಾರೆ. ಡಚ್ ನಾವಿಕ ರೋಗೆವೇನ್ 1722ರ ಏಪ್ರಿಲ್ 5ರಂದು, ಈಸ್ಟರ್ ಭಾನುವಾರ, ಅಲ್ಲಿಗೆ ತಲುಪಿದ್ದರಿಂದ ಆ ಹೆಸರು. ಅಲ್ಲಿಯ ಜನ ಕರೆಯುವುದು ರಾಪಾ ನುಯಿ ಅಂತ.

ಗುರುವಾರ ಕಾಗುಣಿತ ಪರೀಕ್ಷೆ ಇದೆಯಾ?

ಇದೆ.

ಚಾಕೊಲೇಟು ಹಂಚಬಹುದಾ?

ಶಾಲೆಯಲ್ಲಿ ಬೇಡ. ಹಾಲು, ಕಡಲೆಕಾಯಿ, ಬಾದಾಮಿಯ ಅಲರ್ಜಿ ಇರುವ ಮಕ್ಕಳಿದ್ದಾರೆ.

ಚಿಪ್ಪಿನಲ್ಲಿ ಬೆಳೆಸಿದ ಸಸಿಯನ್ನು ರಜೆಯಲ್ಲಿ ಹೇಗೆ ನೋಡಿಕೊಳ್ಳುವುದು?

ಸೋಮವಾರ ಒದ್ದೆ ಹತ್ತಿಯ ಮೇಲೆ ಸಾಸಿವೆ ಉದುರಿಸಿದ್ದೇವೆ, ಗುರುವಾರ ಮನೆಗೆ ಬರುವಾಗ ಮೊಳಕೆ ಕಾಣುತ್ತಿರುತ್ತದೆ. ಚಿಪ್ಪಿಗೆ ಬರೆದ ಮುಖಕ್ಕೆ ಅದೇ ಕೂದಲು. ಬೆಳಕಿರುವ ಕಿಟಕಿಯಲ್ಲಿಡಿ, ದಿನಕ್ಕೊಂದು ಚಮಚ ನೀರು ಸಾಕು. ಹೆಚ್ಚು ಸುರಿದರೆ ಕೊಳೆಯುತ್ತದೆ, ಚಿಪ್ಪಿಗೆ ತೂತಿಲ್ಲ. ಕೂದಲು ಕತ್ತರಿಸಲು ಮಗು ಕೇಳಿದರೆ ಬಿಡಿ.

ರಜೆಯ ಹೋಮ್‌ವರ್ಕ್?

ಒಂದೇ ಒಂದು. ಈಸ್ಟರ್ ಹುಣ್ಣಿಮೆಯ ನಂತರದ ಭಾನುವಾರ ಅಂದೆನಲ್ಲ, ಅಂದಮೇಲೆ ಹುಣ್ಣಿಮೆ ಹೆಚ್ಚುಕಡಿಮೆ ಇದೇ ವಾರ ಬರುತ್ತದೆ. ಸೋಮವಾರದಿಂದ ಎರಡು ವಾರ ಪ್ರತಿ ರಾತ್ರಿ ಒಂದು ಚೌಕದಲ್ಲಿ ಕಂಡ ಹಾಗೆ ಚಂದ್ರನನ್ನು ಬರೆಯಬೇಕು, ಕೆಳಗೆ ಗಂಟೆ ಹಾಕಬೇಕು. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನದಿನಕ್ಕೂ ತಡವಾಗಿ ಹುಟ್ಟುತ್ತಾನೆ, ಸರಾಸರಿ 50 ನಿಮಿಷ. ಮಲಗುವ ಹೊತ್ತಿಗೆ ಕಾಣದಿದ್ದರೆ ಬೆಳಿಗ್ಗೆ ಎದ್ದು ಪಶ್ಚಿಮಕ್ಕೆ ನೋಡಲಿ. ಮೋಡ ಇದ್ದ ರಾತ್ರಿ ಚೌಕದಲ್ಲಿ "ಮೋಡ" ಅಂತ ಬರೆಯಲಿ. ಮಾರನೇ ದಿನ ನೋಡಿ ಅಂದಾಜಿನ ಮೇಲೆ ತುಂಬಿಸಿಕೊಡಬೇಡಿ.